ಹೊಸಬರು ಬಂದ ಮೇಲೆ ಬಾಲು ಯಾರ ಪಾಲು

ನಲವತ್ತೇಳು ವರ್ಷದ ಗಣಿತದ ಟೀಚರ್ ಒಬ್ಬಳು ಸಂಜೆ ಹೊತ್ತು ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು ಬಾಸ್ಕೆಟ್‌ಬಾಲ್ ಆಡುತ್ತಾಳೆ ಎನ್ನುವುದನ್ನು ಸಾಗರದ ಪೇಟೆ ಇನ್ನೂ ಪೂರ್ತಿ ಒಪ್ಪಿಕೊಂಡಿಲ್ಲ. ಆ ಟೀಚರ್ ನಾನೇ ಆದರೂ ನನಗೂ ಅದು ಅಷ್ಟಾಗಿ ಒಗ್ಗಿಲ್ಲ. ತರಕಾರಿ ಅಂಗಡಿಯಲ್ಲಿ ಯಾರಾದರೂ ಮಕ್ಕಳ ತಾಯಿ ಸಿಕ್ಕಿ, "ಮೇಡಂ, ನೀವು ಬಾಲ್ ಆಡ್ತೀರಂತೆ, ಹೌದಾ?" ಎಂದು ಕೇಳಿದರೆ "ಸುಮ್ನೆ, ವ್ಯಾಯಾಮಕ್ಕೆ" ಎಂದು ಹೇಳಿ ಬೆಂಡೆಕಾಯಿಯ ತುದಿ ಮುರಿದು ನೋಡುವುದರಲ್ಲಿ ಮಗ್ನಳಾಗುತ್ತೇನೆ. ಅದು ಶುದ್ಧ ಸುಳ್ಳು. ವ್ಯಾಯಾಮಕ್ಕಾಗಿ ಆಡುವವರು ಸೋತ ದಿನ ಮನೆಯವರ ಮೇಲೆ ಹರಿಹಾಯುವುದಿಲ್ಲ. ನಾನು ಹರಿಹಾಯುತ್ತೇನೆ. ನಮ್ಮ ಮನೆಯವರಂತೂ ಪಂದ್ಯದ ದಿನ ನಾನು ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದು ಕೇಳಿಯೇ ಫಲಿತಾಂಶ ಹೇಳಿಬಿಡುತ್ತಾರೆ.

ನಮ್ಮ ತಂಡ ಶುರುವಾಗಿ ಹನ್ನೆರಡು ವರ್ಷವಾಯಿತು. ಆರು ಜನ ಹೆಂಗಸರು, ಎಲ್ಲರೂ ನಲವತ್ತು ದಾಟಿದವರು. ಬಾಲನ್ನು ಮುಂದಕ್ಕೆ ತಂದು ಯಾರಿಗೆ ಕೊಡಬೇಕೆಂದು ತೀರ್ಮಾನ ಮಾಡುವುದು ನನ್ನ ಕೆಲಸ. ಇದು ಬುದ್ಧಿವಂತಿಕೆಗೆ ಸಿಕ್ಕ ಪದವಿ ಎಂದು ನೀವು ತಿಳಿದುಕೊಂಡರೆ ನನಗೇನೂ ಬೇಜಾರಿಲ್ಲ. ನಿಜ ಏನೆಂದರೆ, ನಾನು ಎಸೆದ ಬಾಲು ರಿಂಗಿನೊಳಗೆ ಬೀಳುವುದಿಲ್ಲ ಎನ್ನುವುದು ಮೊದಲ ವಾರದಲ್ಲೇ ಎಲ್ಲರಿಗೂ ಗೊತ್ತಾಗಿ ಹೋಗಿತ್ತು. ಬಸ್‌ಸ್ಟ್ಯಾಂಡ್ ಹತ್ತಿರ ಫ್ಯಾನ್ಸಿ ಸ್ಟೋರ್ ಇಟ್ಟಿರುವ ನಫೀಸಾ ನಮ್ಮ ಓಟಗಾರ್ತಿ, ಮತ್ತು ನಮ್ಮ ಬಾಯಿ. ಗಿರಿಜಕ್ಕ ನಮ್ಮ ಕೈ. ಐವತ್ನಾಲ್ಕು ವರ್ಷ, ರವಿಕೆ ಹೊಲಿಯುವ ಕಸುಬು, ಸಣ್ಣ ಆಳು. ಉಳಿದ ಮೂವರು ಈ ಬರಹದಲ್ಲಿ ಹೆಚ್ಚು ಮಾತಾಡುವುದಿಲ್ಲ, ಕೋರ್ಟಿನಲ್ಲಿ ಬೇಕಾದಷ್ಟು ಮಾತಾಡುತ್ತಾರೆ.

ಗಿರಿಜಕ್ಕ ಎಸೆಯುವುದು ಕೋರ್ಟಿನ ಎಡ ಮೂಲೆಯಿಂದ. ಅಲ್ಲಿ ಹೋಗಿ ನಿಂತು, ಮಂಡಿಯನ್ನು ಒಂದಿಷ್ಟು ಬಗ್ಗಿಸಿ, ಬಲಗೈಯನ್ನು ತಲೆಯ ಮೇಲಕ್ಕೆ ತಂದು ಬಿಡುತ್ತಾಳೆ. ಬಾಲು ರಿಂಗಿನ ಕಬ್ಬಿಣಕ್ಕೆ ತಾಗದೆ ಬಲೆಯೊಳಗೆ ಇಳಿಯುತ್ತದೆ. ಹನ್ನೆರಡು ವರ್ಷದಿಂದ ನೋಡುತ್ತಿದ್ದರೂ ಪ್ರತಿ ಸಲವೂ ನನ್ನ ಬಾಯಿಂದ "ಆಹಾ" ಎಂದು ಬರುತ್ತದೆ. ಎದುರಾಳಿ ತಂಡದವರ ಬಾಯಿಂದಲೂ ಬಂದದ್ದುಂಟು.

ನಮ್ಮಲ್ಲಿ ಒಂದು ಪದ್ಧತಿ ಇದೆ. ಅರ್ಧ ಆಟ ಮುಗಿಯುವುದರೊಳಗೆ ಕೋರ್ಟಿನಲ್ಲಿರುವ ಪ್ರತಿಯೊಬ್ಬರೂ ಒಂದು ಸಲವಾದರೂ ರಿಂಗಿಗೆ ಎಸೆದಿರಬೇಕು. ಇದಕ್ಕೆ ಪಂಕ್ತಿ ಎಂದು ಹೆಸರಿಟ್ಟವಳು ನಫೀಸಾ. ನಮ್ಮ ಕಡೆಯ ಮದುವೆಮನೆಗಳಲ್ಲಿ ಉಂಡು ಉಂಡು ಅವಳಿಗೆ ಬಡಿಸುವವರ ಮಾತೆಲ್ಲ ಬಾಯಿಪಾಠವಾಗಿದೆ. ಆಟದ ನಡುವೆ ಯಾರಿಗಾದರೂ ಬಾಲು ಸಿಗದೆ ಹೋದರೆ ಆಚೆ ತುದಿಯಿಂದ "ಆ ಕಡೆ ಎಲೆ ಖಾಲಿ ಇದೆ ನೋಡ್ರೇ!" ಎಂದು ಕೂಗುತ್ತಾಳೆ. ಎದುರಾಳಿಗಳಿಗೆ ತಲೆಬುಡ ತಿಳಿಯುವುದಿಲ್ಲ. ನನ್ನ ಎಲೆ ಖಾಲಿಯಿದ್ದರೆ ನಾನೂ ಎಸೆಯಲೇಬೇಕು. ಬಾಲು ಬೋರ್ಡಿನ ಆಚೆ ಹೋಗಿ ಬೀಳುತ್ತದೆ, ಯಾರೂ ಬೈಯುವುದಿಲ್ಲ. ಹೀಗೆ ಎಲ್ಲರಿಗೂ ಸಮನಾಗಿ ಬಡಿಸಿಕೊಂಡು ನಾವು ಪ್ರತಿ ವರ್ಷ ಸಮಾಧಾನವಾಗಿ ಸೋಲುತ್ತಿದ್ದೆವು.

ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರು ಊರುಗಳ ಮಹಿಳಾ ತಂಡಗಳು ಸೇರಿ ವರ್ಷಕ್ಕೊಮ್ಮೆ ಆಡುವ ಪಂದ್ಯಾವಳಿ ನಮ್ಮದು. ಈ ಸಲ ನಡೆಸುವವರಿಗೆ ಒಂದು ಯೋಚನೆ ಬಂತು. ಬರೀ ನಲವತ್ತು ದಾಟಿದವರು ಆಡಿದರೆ ನೋಡುವುದಕ್ಕೆ ಜನ ಬರುತ್ತಿಲ್ಲ, ಆದ್ದರಿಂದ ಪ್ರತಿ ತಂಡವೂ ಇಬ್ಬರು ಕಿರಿಯರನ್ನು ಸೇರಿಸಿಕೊಳ್ಳಬಹುದು ಎಂದು ಹೊಸ ನಿಯಮ ಮಾಡಿದರು. ನಾವು ಹುಡುಕಿದೆವು. ಜೋಗದ ವಿದ್ಯುತ್ ಕೇಂದ್ರಕ್ಕೆ ಧಾರವಾಡದ ಕಡೆಯಿಂದ ಹೊಸದಾಗಿ ಬಂದಿದ್ದ ಎಂಜಿನಿಯರ್ ಮೇಘನಾ ಸಿಕ್ಕಳು. ಆರಡಿಗೆ ಎರಡೇ ಇಂಚು ಕಡಿಮೆ. ಇನ್ನೊಬ್ಬಳು ಲವೀನಾ, ಸಾಗರಕ್ಕೆ ಮದುವೆಯಾಗಿ ಬಂದ ಹೊಸನಗರದ ಹುಡುಗಿ, ಕಾಲೇಜು ದಿನಗಳಲ್ಲಿ ಜಿಲ್ಲೆಗೆ ಆಡಿದವಳು. ಇಬ್ಬರೂ ನಫೀಸಾಳ ಅಂಗಡಿಯಲ್ಲಿ, ಬಳೆ ಜೋಡಿಸಿದ ಗಾಜಿನ ಪೆಟ್ಟಿಗೆಯ ಮೇಲೆ ಫಾರಂ ಇಟ್ಟುಕೊಂಡು ಸಹಿ ಹಾಕಿದರು.

ದೊಡ್ಡ ದೇಶಗಳ ದೊಡ್ಡ ತಂಡಗಳಿಗೆ ಹೊಸ ಆಟಗಾರರು ಸೇರಿದಾಗ ಪತ್ರಿಕೆಯ ಕ್ರೀಡಾಪುಟದಲ್ಲಿ ಪಂಡಿತರು ಬರೆಯುವುದನ್ನು ನೀವು ಓದಿರಬಹುದು. ಇವನು ಬಂದರೆ ಅವನಿಗೆ ಸಿಗುತ್ತಿದ್ದ ಬಾಲುಗಳು ಎಷ್ಟು ಕಡಿಮೆಯಾಗುತ್ತವೆ, ಅವನ ಮೂಲೆ ಯಾರಿಗೆ ಹೋಗುತ್ತದೆ ಎಂದು ಅಂಗೈ ಮೇಲೆ ಅಂಜನ ಹಾಕಿಕೊಂಡವರ ಹಾಗೆ ಹೇಳುತ್ತಾರೆ. ಓದಿ ನಾನು ನಗುತ್ತಿದ್ದೆ. ಐದು ಜನರಿಗೆ ಒಂದೇ ಬಾಲು, ಇದರಲ್ಲಿ ಅಷ್ಟೊಂದು ಚರ್ಚೆ ಮಾಡುವುದಕ್ಕೆ ಏನಿದೆ ಎಂದು ನನ್ನ ಪ್ರಶ್ನೆ. ನಮ್ಮ ಕಡೆಯ ಯಕ್ಷಗಾನ ಮೇಳಗಳಲ್ಲೂ ಇದೇ ವಿಷಯ. ಹೆಸರಾದ ವೇಷಧಾರಿಯೊಬ್ಬ ಮೇಳಕ್ಕೆ ಸೇರಿದ ವರ್ಷ ಪ್ರೇಕ್ಷಕರಿಗೆ ಹಬ್ಬ. ಅಲ್ಲಿಯವರೆಗೆ ಆ ಪಾತ್ರ ಮಾಡುತ್ತಿದ್ದವನು ಮಾತ್ರ ಚೌಕಿಯಲ್ಲಿ ಬಣ್ಣ ಹಚ್ಚಿಕೊಂಡು ಕೂತು, ತನ್ನ ಪದ್ಯಗಳಲ್ಲಿ ಭಾಗವತರು ಇವತ್ತು ಯಾವುದನ್ನು ಬಿಡುತ್ತಾರೋ ಎಂದು ಕಿವಿಗೊಟ್ಟು ಕಾಯುತ್ತಿರುತ್ತಾನೆ. ಅವನನ್ನು ಕೇಳಿ ಬರೆದ ಪಂಡಿತರನ್ನು ನಾನು ಕಂಡಿಲ್ಲ.

ಸಹಿ ಹಾಕಿಸಿದ ಆ ರಾತ್ರಿ ನಾನೂ ಪಂಡಿತಳಾದೆ. ಹಳೆ ಪ್ರಶ್ನೆಪತ್ರಿಕೆಯ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ಒಂದು ಆಟದಲ್ಲಿ ನಾವು ಸುಮಾರು ನಲವತ್ತು ಸಲ ರಿಂಗಿಗೆ ಎಸೆಯುತ್ತೇವೆ. ಪಂಕ್ತಿ ಗಿಂಕ್ತಿ ಎಲ್ಲ ಸರಿ, ಆದರೆ ಅದರಲ್ಲಿ ಹತ್ತು ಹನ್ನೊಂದು ಗಿರಿಜಕ್ಕನದೇ. ಹೊಸಬರಿಬ್ಬರಿಗೆ ಹನ್ನೆರಡು ಹನ್ನೆರಡು ಎಂದು ಕೊಟ್ಟರೆ ಉಳಿದ ಮೂವರಿಗೆ ಹದಿನಾರು. ನನ್ನದರಲ್ಲಿ ಒಂದೆರಡನ್ನು ಬಿಟ್ಟುಕೊಟ್ಟರೂ ಗಿರಿಜಕ್ಕನಿಗೆ ಆರೋ ಏಳೋ. ಏಳನೇ ಕ್ಲಾಸಿನ ಮಕ್ಕಳಿಗೆ ಭಾಗಾಕಾರ ಕಲಿಸುವವಳಿಗೆ ಇದೇನು ಮಹಾ. ಆದರೂ ಆ ಏಳು ಎನ್ನುವ ಅಂಕಿಯನ್ನು ಹೊಡೆದುಹಾಕಿ ಮತ್ತೊಮ್ಮೆ ಲೆಕ್ಕ ಹಾಕಿದೆ, ಮತ್ತೆ ಏಳೇ ಬಂತು.

ಮಾರನೆಯ ದಿನ ರವಿಕೆಯ ಅಳತೆ ಕೊಡುವುದಕ್ಕೆ ಗಿರಿಜಕ್ಕನ ಅಂಗಡಿಗೆ ಹೋಗಿದ್ದೆ. ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. ಒಂದು ಸಲ ತಪ್ಪಿತು. ಎರಡು ಸಲ ತಪ್ಪಿತು. ನಾಲ್ಕನೆಯ ಸಲ ತಪ್ಪಿದಾಗ ನಾನು ನಗುತ್ತಾ, "ಕನ್ನಡಕ ಬದಲಾಯಿಸು ಅಕ್ಕ" ಎಂದೆ. ಅವಳು ಸೂಜಿಯನ್ನು ಮೇಜಿನ ಮೇಲಿಟ್ಟು ಬಲಗೈಯನ್ನು ನನ್ನ ಮುಂದೆ ಚಾಚಿದಳು. ಬೆರಳುಗಳು ನಡುಗುತ್ತಿದ್ದವು. ಸಣ್ಣಗೆ, ಆದರೆ ನಿಲ್ಲದೆ.

"ಶಿವಮೊಗ್ಗದಲ್ಲಿ ಡಾಕ್ಟ್ರಿಗೆ ತೋರ್ಸಿ ಬಂದೆ. ಮಾತ್ರೆ ತಗಂಡ್ರೆ ಸ್ವಲ್ಪ ಹಿಡಿತಕ್ಕೆ ಬರ್ತದಂತೆ. ಹೋಗೋದಿಲ್ವಂತೆ. ವರ್ಷ ಹೋದ ಹಾಗೆ ಜಾಸ್ತಿ ಆಗೋದೇ ಅಂತೆ" ಎಂದಳು, ಗಿರಾಕಿಗೆ ಬಟ್ಟೆ ಯಾವಾಗ ಸಿಗುತ್ತದೆ ಎಂದು ಹೇಳುವ ದನಿಯಲ್ಲಿ.

"ಹೊಲಿಗೆಗೆ ಏನು ಮಾಡ್ತೀಯಕ್ಕ?" ಎಂದೆ.

"ಹೊಲಿಗೆದು ಹೆಂಗೋ ಆಗ್ತದೆ ಮಾರಾಯ್ತಿ. ಕಾಲಲ್ಲಿ ತುಳಿಯೋದು, ಕೈ ಬರೀ ಬಟ್ಟೆ ದೂಡೋದು. ಬಾಲು ಹಂಗಲ್ಲ, ಕೈಯಲ್ಲೇ ಹಾಕ್ಬೇಕು. ಈ ಒಂದು ವರ್ಷ ಆಡ್ತೀನಿ. ನೀ ಯಾರಿಗೂ ಹೇಳ್ಬ್ಯಾಡ. ಹೇಳಿದ್ರೆ ಒಂದೋ ಬಾಲೇ ಕೊಡದಿಲ್ಲ, ಇಲ್ಲಾ ಪಾಪ ಅಂತ ಕೊಡ್ತಾರೆ. ಎರಡೂ ಬ್ಯಾಡ ನಂಗೆ."

ನಾನು ಮಾತು ಕೊಟ್ಟೆ. ಸೂಜಿಗೆ ದಾರವನ್ನೂ ಪೋಣಿಸಿ ಕೊಟ್ಟೆ. ಮನೆಗೆ ಬರುವಾಗ ದಾರಿಯುದ್ದಕ್ಕೂ ಕಣ್ಣು ತುಂಬಿ ತುಂಬಿ ಬಂತು, ಎದುರಿಗೆ ಸಿಕ್ಕ ಹೆಡ್‌ಮಾಸ್ಟರರಿಗೆ ನಮಸ್ಕಾರ ಹೇಳುವುದನ್ನೂ ಮರೆತೆ.

ಅಭ್ಯಾಸ ಶುರುವಾಯಿತು. ಹೊಸಬರು ಬಂದು ಎಲ್ಲ ಬಾಲನ್ನೂ ಕಬಳಿಸಿಬಿಡುತ್ತಾರೆ ಎಂದು ಲೆಕ್ಕ ಹಾಕಿದ್ದ ಈ ಗಣಿತದ ಟೀಚರಿಗೆ ಒಂದು ಸಂಗತಿ ಹೊಳೆದೇ ಇರಲಿಲ್ಲ. ನಾವು ಮಲೆನಾಡಿನ ಹೆಂಗಸರು. ಮನೆಗೆ ನೆಂಟರು ಬಂದರೆ ನಮಗೆ ಅವರ ಹೊಟ್ಟೆಯದೇ ಚಿಂತೆ. ಬೇಡ ಎಂದವರಿಗೆ ಇನ್ನೊಂದು ಸೌಟು, ಎಲೆಗೆ ಅಡ್ಡ ಕೈ ಹಿಡಿದವರಿಗೆ ಬೆರಳ ಸಂದಿಯಿಂದ ಒಂದು ಸೌಟು. ಹೊಸಬರಿಬ್ಬರೂ ತಂಡಕ್ಕೆ ಬಂದ ನೆಂಟರಲ್ಲವೇ. ಬಾಲು ಸಿಕ್ಕಿದವರೆಲ್ಲ ಅವರಿಗೇ ಕೊಡತೊಡಗಿದರು. ರಿಂಗಿನ ಕೆಳಗೇ ನಿಂತಿದ್ದ ನಫೀಸಾ ತಾನು ಎಸೆಯದೆ, ದೂರದಲ್ಲಿದ್ದ ಮೇಘನಾಳನ್ನು ಕರೆದು ಕೊಟ್ಟಳು. ಸರಿ, ನೆಂಟರಾದರೂ ತೆಗೆದುಕೊಂಡರೇ? ಇಲ್ಲ! ಬಂದ ಮೊದಲ ದಿನವೇ ಕೈ ಚಾಚಿದರೆ ಏನೆಂದುಕೊಳ್ಳುತ್ತಾರೋ ಎಂದು ಮೇಘನಾ ಅದನ್ನು ನನಗೇ ವಾಪಸ್ ಕೊಟ್ಟಳು. ಲವೀನಾ ಅಂತೂ "ಅಯ್ಯೋ, ನೀವು ಹಾಕಿ ಆಂಟಿ" ಎಂದು ಬಾಯಿಬಿಟ್ಟೇ ಹೇಳಿದಳು.

ಈ ಉಪಚಾರ ಅಭ್ಯಾಸದಲ್ಲಿ ಮುಗಿದುಹೋಗುತ್ತದೆ ಎಂದುಕೊಂಡರೆ ಹೊಸನಗರದಲ್ಲಿ ನಡೆದ ಸ್ನೇಹಪಂದ್ಯಕ್ಕೂ ಬಂತು. ಬಾಲು ಕೈಗೆ ಬಂದ ಇಪ್ಪತ್ನಾಲ್ಕು ಸೆಕೆಂಡಿನೊಳಗೆ ರಿಂಗಿಗೆ ಎಸೆಯಬೇಕು, ಇಲ್ಲದಿದ್ದರೆ ಎದುರಾಳಿಗೆ ಬಿಟ್ಟುಕೊಡಬೇಕು ಎನ್ನುವುದು ಆಟದ ನಿಯಮ. ನಾವು ಐವರೂ ಒಬ್ಬರಿಗೊಬ್ಬರು ಬಾಲು ಕೊಡುತ್ತಾ, ತಲೆ ಅಲ್ಲಾಡಿಸುತ್ತಾ, ಮತ್ತೆ ಕೊಡುತ್ತಾ ಇದ್ದೆವು. ರೆಫ್ರಿ ಊದಿದರು. ಮತ್ತೆ ಊದಿದರು. ಗಂಟಲು ಒಣಗಿ ನೀರು ಕುಡಿದು ಬಂದು ಮತ್ತೂ ಊದಿದರು. ಕಟ್ಟೆಯ ಮೇಲೆ ಕೂತಿದ್ದ ಒಬ್ಬ ಯಜಮಾನರು, "ಎಂತದ್ರೇ ಅದು! ಬಾಲಿಗೆ ಮೈಲಿಗೆ ಆಗಿದ್ಯಾ? ಒಬ್ರೂ ಇಟ್ಕಳದಿಲ್ವಲ್ಲ!" ಎಂದು ಕೂಗಿದರು. ಜನ ಗೊಳ್ಳೆಂದು ನಕ್ಕಿತು. ನಾವು ಹಿಂದೆಂದೂ ಸೋಲದಷ್ಟು ಕೆಟ್ಟದಾಗಿ ಸೋತೆವು.

ಸಾಗರಕ್ಕೆ ವಾಪಸ್ ಬರುವ ಬಸ್ಸಿನಲ್ಲಿ ಮೇಘನಾ ಅಳುವ ಹಾಗಾಗಿದ್ದಳು. "ನನ್ನ ತಪ್ಪರೀ ಅಕ್ಕಾರ. ಹೊಸದಾಗಿ ಬಂದಾಕಿ ಎಲ್ಲಾ ತಾನ ಒಗಿತಾಳ ಅಂತ ನೀವು ತಿಳ್ಕೊಂಡ್ರ ಹೆಂಗ ಅಂತ ಅನಸ್ತು" ಎಂದಳು. ನಾನು ಸೀಟಿನಿಂದ ಎದ್ದು ನಿಂತು, ಕಂಬಿ ಹಿಡಿದುಕೊಂಡು, ಕ್ಲಾಸಿನಲ್ಲಿ ಹೇಳುವ ಹಾಗೆಯೇ ಹೇಳಿದೆ. "ಇವತ್ತಿಗೆ ನೆಂಟಸ್ತಿಕೆ ಮುಗೀತು. ಮೇಘನಾ, ಲವೀನಾ, ನೀವು ಎಸೀಲಿ ಅಂತಾನೇ ಕರೆಸಿದ್ದು. ಎಸೀರಿ. ನಫೀಸಾ, ನೀನೂ ಸುಮ್ನೆ ಬಡಿಸೋದು ನಿಲ್ಸು." ಕಂಡಕ್ಟರ್ ಕೂಡ ತಲೆ ಆಡಿಸಿದ. ಗಿರಿಜಕ್ಕ ಕಿಟಕಿಯ ಕಡೆ ಕೂತಿದ್ದಳು. ಮೂವರ ಸೀಟಿನಲ್ಲಿ ನಾಲ್ಕನೆಯವರು "ಸ್ವಲ್ಪ ಜರುಗಿ" ಎಂದು ಬಂದು ಕೂತರೆ ನಮ್ಮ ಬಸ್ಸುಗಳಲ್ಲಿ ಎಲ್ಲರೂ ಸ್ವಲ್ಪ ಸ್ವಲ್ಪವೇ ಜರುಗುತ್ತಾರೆ, ಯಾರಿಗೂ ಅಂಥ ನಷ್ಟವಾದಂತೆ ಕಾಣುವುದಿಲ್ಲ. ಕಿಟಕಿಗೆ ಒತ್ತಿಕೊಂಡವರ ಭುಜವನ್ನು ಮಾತ್ರ ಯಾರೂ ನೋಡುವುದಿಲ್ಲ.

ಆಮೇಲೆ ಹೊಸಬರು ಎಸೆದರು. ದೇವರೇ, ಏನು ಎಸೆದರು! ಮೇಘನಾ ರಿಂಗಿನ ಹತ್ತಿರ ಕೈ ಎತ್ತಿದರೆ ಅಲ್ಲಿಗೆ ತಲುಪುವವರೇ ಇರಲಿಲ್ಲ. ಲವೀನಾಳ ಓಟಕ್ಕೆ ನಫೀಸಾ ಕೂಡ ಸೊಂಟಕ್ಕೆ ಕೈಯಿಟ್ಟು ನಿಂತು ನೋಡಿದಳು. ನಾನು ಪ್ರಶ್ನೆಪತ್ರಿಕೆಯ ಹಿಂದೆ ಬರೆದ ಲೆಕ್ಕ ದಿನದಿಂದ ದಿನಕ್ಕೆ ನಿಜವಾಗತೊಡಗಿತು. ಗಿರಿಜಕ್ಕನಿಗೆ ಒಂದು ಸಂಜೆ ಆರು ಸಿಕ್ಕವು. ಇನ್ನೊಂದು ಸಂಜೆ ನಾಲ್ಕು. ಅವಳು ಎಡ ಮೂಲೆಯಲ್ಲಿ ನಿಂತು ಅಂಗಿಯ ಅಂಚನ್ನು ಬಲಗೈಯಿಂದ ಬಿಗಿಯಾಗಿ ಹಿಡಿದುಕೊಂಡಿರುತ್ತಿದ್ದಳು. ಅದೇಕೆಂದು ಗೊತ್ತಿದ್ದವಳು ನಾನೊಬ್ಬಳೇ.

ಗೊತ್ತಿದ್ದವಳು ಏನು ಮಾಡಿದೆ? ಕಳ್ಳತನದಿಂದ ಬಡಿಸತೊಡಗಿದೆ. ಮೇಘನಾ ಖಾಲಿ ನಿಂತಿದ್ದರೂ ಗಿರಿಜಕ್ಕನಿಗೆ ಕೊಟ್ಟೆ. ಅವಳ ಎದುರಿಗೆ ಇಬ್ಬರು ಅಡ್ಡ ನಿಂತಿದ್ದರೂ ಹೇಗೋ ಸಂದಿ ಮಾಡಿ ತೂರಿಸಿದೆ. ಎಸೆಯುವುದಕ್ಕೆ ಜಾಗವಿಲ್ಲದೆ ಅವಳು ಒದ್ದಾಡುತ್ತಿದ್ದಳು, ಬಾಲು ಕೈಬಿಟ್ಟು ಹೋಗುತ್ತಿತ್ತು. ಅಷ್ಟಾದರೂ ನನಗೆ ಒಳಗೊಳಗೆ ಪುಣ್ಯದ ಕೆಲಸ ಮಾಡಿದ ತೃಪ್ತಿ. ನಾಲ್ಕು ದಿನ ನೋಡಿ ಐದನೆಯ ದಿನ ಅವಳು ಆಟ ನಿಲ್ಲಿಸಿ ನನ್ನನ್ನು ನೀರಿನ ನಲ್ಲಿಯ ಹತ್ತಿರ ಕರೆದಳು.

"ಸುಜಾತಾ, ಇದೆಂತ ಶುರು ಮಾಡಿದೀಯ?"

"ಎಂತ ಅಕ್ಕ?"

"ಎಂತ ಅಂತೆ! ನಾ ಖಾಲಿ ಇದ್ರೆ ಕೊಡು. ಇಲ್ದಿದ್ರೆ ಬ್ಯಾಡ. ನಾ ಎಂತ ಉಪವಾಸ ಕೂತಿದೀನಾ ನಿನ್ನ ಎದ್ರು?"

ಅವಳು ಸಿಟ್ಟಾದದ್ದನ್ನು ನಾನು ಹನ್ನೆರಡು ವರ್ಷದಲ್ಲಿ ಮೊದಲ ಸಲ ನೋಡಿದ್ದು. ತಪ್ಪಾಯಿತು ಎಂದೆ. ಇನ್ನು ಮೇಲೆ ಸರಿಯಾಗಿ ಆಡುತ್ತೇನೆ ಎಂದೆ. ಹೇಳುವಾಗ ನಿಜವಾಗಿಯೂ ಹಾಗೇ ಅಂದುಕೊಂಡಿದ್ದೆ.

ಜನವರಿಯಲ್ಲಿ ತೀರ್ಥಹಳ್ಳಿಯಲ್ಲಿ ಪಂದ್ಯಾವಳಿ. ಬೆಳಿಗ್ಗೆ ಹೊಸನಗರದ ಮೇಲೆ ಆಟ, ಗೆದ್ದರೆ ಮಧ್ಯಾಹ್ನ ತೀರ್ಥಹಳ್ಳಿಯ ಮೇಲೆ ಫೈನಲ್. ಬೆಳಗಿನ ಆಟದಲ್ಲೇ ನನ್ನ ಭಾಗಾಕಾರದ ತಪ್ಪು ನನಗೆ ಕಂಡದ್ದು. ಬಾಲು ಎಷ್ಟು ಎಂದು ಎಣಿಸಿದ್ದೆನೇ ಹೊರತು ಎದುರಾಳಿಗಳು ಎಲ್ಲಿ ನಿಲ್ಲುತ್ತಾರೆ ಎಂದು ಎಣಿಸಿರಲಿಲ್ಲ. ಹೊಸನಗರದವರು ಮೇಘನಾಳ ಎತ್ತರ ನೋಡಿ ಹೆದರಿ ಇಬ್ಬಿಬ್ಬರನ್ನು ಅವಳ ಬೆನ್ನಿಗೆ ಹಚ್ಚಿದರು. ಇಷ್ಟು ವರ್ಷ ಗಿರಿಜಕ್ಕನಿಗೆ ಅಂಟಿಕೊಂಡೇ ಇರುತ್ತಿದ್ದ ಅವರ ಆಟಗಾರ್ತಿಯೂ ಅವಳನ್ನು ಬಿಟ್ಟು ಅಲ್ಲಿಗೇ ಓಡಿದಳು. ಎಡ ಮೂಲೆ ಬಟಾಬಯಲಾಯಿತು. ಹನ್ನೆರಡು ವರ್ಷದಲ್ಲಿ ಗಿರಿಜಕ್ಕನಿಗೆ ಅಷ್ಟು ಜಾಗ ಎಂದೂ ಸಿಕ್ಕಿರಲಿಲ್ಲ. ಹೊಸಬರು ಅವಳ ಬಾಲು ಕಡಿಮೆ ಮಾಡಿದ್ದು ನಿಜ, ಆದರೆ ಉಳಿದ ಬಾಲನ್ನು ಅವಳು ನಿಶ್ಚಿಂತೆಯಿಂದ ಎಸೆಯುವ ಹಾಗೆ ಮಾಡಿದ್ದರು.

ಆ ಬಾಲನ್ನು ನಾನು ಅವಳಿಗೆ ಕೊಡಲಿಲ್ಲ.

ಬಾಲು ನನ್ನ ಕೈಯಲ್ಲಿತ್ತು. ಅವಳು ಖಾಲಿ ನಿಂತಿದ್ದಳು. ಅಂಗಿಯ ಅಂಚು ಬಿಟ್ಟು ಎರಡೂ ಕೈಯನ್ನು ಎದೆಯ ಮುಂದೆ ಹಿಡಿದಿದ್ದಳು. ಬಲಗೈ ನಡುಗುತ್ತಿರುವುದು ನನಗೆ ಕಂಡಿತು. ಕಟ್ಟೆಯ ಮೇಲೆ ಜನ ತುಂಬಿದ್ದರು. ನಾನು ಲವೀನಾಳ ಕಡೆ ತಿರುಗಿ ಕೊಟ್ಟೆ. ಮುಂದಿನ ಸಲವೂ ಹಾಗೇ. ಅದರ ಮುಂದಿನ ಸಲವೂ. ಕೊನೆಗೆ ಮೇಘನಾ ಇಬ್ಬರ ಮೇಲಿಂದ ಹೇಗೋ ಎಸೆದದ್ದು ಬಿದ್ದು ನಾವು ಒಂದು ಅಂಕದಿಂದ ಗೆದ್ದೆವು. ಎಲ್ಲರೂ ಕುಣಿದರು. ನಫೀಸಾ ನನ್ನನ್ನು ಅರ್ಧ ಎತ್ತಿ, ಆಗದೆ, ಕೆಳಗಿಳಿಸಿದಳು.

ಮಧ್ಯಾಹ್ನ ಮರದ ನೆರಳಿನಲ್ಲಿ ಚಿತ್ರಾನ್ನದ ಪೊಟ್ಟಣ ಬಿಚ್ಚಿಕೊಂಡು ಕೂತೆವು. ಗಿರಿಜಕ್ಕ ನನ್ನ ಪಕ್ಕದಲ್ಲೇ ಬಂದು ಕೂತಳು. ಅವಳು ದೂರ ಕೂತಿದ್ದರೆ ಚೆನ್ನಾಗಿತ್ತು ಎಂದು ನನಗನ್ನಿಸಿತು.

"ಎಷ್ಟು ಸಲ ಖಾಲಿ ನಿಂತಿದ್ದೆ ಗೊತ್ತನೇ?" ಎಂದು ಕೇಳಿದಳು.

"ಏಳು ಸಲ."

"ಓ, ನೀನೂ ಎಣ್ಸಿದೀಯ!" ಅವಳು ಒಂದು ತುತ್ತು ತಿಂದಳು. "ಎಣ್ಸಿನೂ ಕೊಡ್ಲಿಲ್ಲ."

"ಗೆದ್ವಲ್ಲ ಅಕ್ಕ" ಎಂದೆ ನಾನು. ಅದಕ್ಕಿಂತ ದಡ್ಡ ಮಾತನ್ನು ನಾನು ಈ ಜನ್ಮದಲ್ಲಿ ಆಡಿಲ್ಲ.

"ಗೆದ್ವಪ್ಪ. ನಾನೂ ನೋಡ್ದೆ" ಎಂದು ಅವಳು ಎದ್ದು ಕೈ ತೊಳೆಯಲು ಹೋದಳು.

ಚಿತ್ರಾನ್ನದ ಪೊಟ್ಟಣವನ್ನು ಮಡಿಸಿ ಪಕ್ಕಕ್ಕಿಟ್ಟೆ. ಗೆಲ್ಲಲಿಕ್ಕಾಗಿ ನಾನು ಹಾಗೆ ಮಾಡಿದ್ದರೆ ಅದಕ್ಕೊಂದು ಮರ್ಯಾದೆಯಾದರೂ ಇರುತ್ತಿತ್ತು. ಅವಳ ಕೈ ನಡುಗುವುದನ್ನು ಊರ ಜನ ನೋಡಬಾರದು, ಬಾಲು ಬೀಳದಿದ್ದರೆ ಅವಳಿಗೆ ನೋವಾಗುತ್ತದೆ, ಇವು ನಾನು ನನಗೆ ಹೇಳಿಕೊಂಡ ಕಾರಣಗಳು. ನಿಜವಾಗಿ ಅದನ್ನು ನೋಡುವ ಧೈರ್ಯ ಇಲ್ಲದವಳು ನಾನು. ಅವಳನ್ನು ಕಾಪಾಡುತ್ತಿದ್ದೇನೆ ಎಂದುಕೊಂಡು ಕೋರ್ಟಿನೊಳಗೆ ನಿಲ್ಲಿಸಿಯೇ ಆಟದಿಂದ ಹೊರಗಿಟ್ಟಿದ್ದೆ. ಪಾಪ ಎಂದು ಕೊಡಬೇಡ ಎಂದಿದ್ದಳು, ಕೊಟ್ಟೆ. ಗೊತ್ತಾಯಿತೆಂದು ಕೊಡದೆ ಇರಬೇಡ ಎಂದಿದ್ದಳು, ಅದನ್ನೂ ಮಾಡಿದೆ. ನಂಬಿ ಹೇಳಿದ್ದು ನನಗೊಬ್ಬಳಿಗೆ, ಎರಡೂ ದ್ರೋಹ ಮಾಡಿದವಳೂ ನಾನೊಬ್ಬಳೇ. ನಾಚಿಕೆಯಾಯಿತು. ಈಗ ಬರೆಯುವಾಗಲೂ ಆಗುತ್ತಿದೆ.

ಫೈನಲ್ ಶುರುವಾಯಿತು. ತೀರ್ಥಹಳ್ಳಿಯವರೂ ಇಬ್ಬರು ಎತ್ತರದ ಹುಡುಗಿಯರನ್ನು ಸೇರಿಸಿಕೊಂಡಿದ್ದರು. ನಾವು ಮೊದಲಿನಿಂದಲೇ ಹಿಂದೆ ಬಿದ್ದೆವು. ಅವರೂ ಮೇಘನಾಳ ಬೆನ್ನಿಗೆ ಇಬ್ಬರನ್ನು ಹಚ್ಚಿದರು, ಎಡ ಮೂಲೆ ಮತ್ತೆ ಖಾಲಿಯಾಯಿತು. ಮೂರನೆಯ ಕ್ವಾರ್ಟರಿನಲ್ಲಿ ಬಾಲು ರಿಂಗಿನ ಕೆಳಗೆ ಮೇಘನಾಳ ಕೈಯಲ್ಲಿತ್ತು. ಮುಂದೆ ಒಬ್ಬಳು, ಹಿಂದೆ ಒಬ್ಬಳು. ಅವಳು ಸರ್ರನೆ ತಿರುಗಿ ಎಡ ಮೂಲೆಗೆ ಎಸೆದಳು. ಯೋಚನೆ ಇಲ್ಲ, ದಾಕ್ಷಿಣ್ಯ ಇಲ್ಲ. ಅಲ್ಲಿ ಒಬ್ಬರು ಖಾಲಿ ನಿಂತಿದ್ದಾರೆ, ಕೊಟ್ಟಳು, ಅಷ್ಟೇ. ಆ ಕೈಯ ವಿಷಯ ಅವಳಿಗೇನು ಗೊತ್ತು!

ಗಿರಿಜಕ್ಕ ಮಂಡಿ ಬಗ್ಗಿಸಿ, ಕೈಯನ್ನು ತಲೆಯ ಮೇಲಕ್ಕೆ ತಂದಳು. ಮೇಲೆ ಬಂದ ಕೈ ಅಲುಗಿತು. ಎಲ್ಲರಿಗೂ ಕಾಣುವಷ್ಟು ಅಲುಗಿತು. ಬಾಲು ರಿಂಗಿನ ಅಂಚಿಗೆ ಬಡಿದು ಆಚೆ ಹಾರಿತು. ಕಟ್ಟೆಯಿಂದ ಯಾರೋ, "ಆ ವಯಸ್ಸಾದೋರಿಗೆ ಯಾಕ್ ಕೊಟ್ರೋ!" ಎಂದರು. ನಾನು ಹೆದರಿದ್ದೆಲ್ಲ ಒಂದೇ ಕ್ಷಣದಲ್ಲಿ ನಡೆದುಹೋಗಿತ್ತು.

ಎಲ್ಲರೂ ಹಿಂದಕ್ಕೆ ಓಡಿದೆವು. ಓಡುತ್ತಲೇ ಮೇಘನಾ ಗಿರಿಜಕ್ಕನ ಪಕ್ಕಕ್ಕೆ ಹೋಗಿ ಹೇಳಿದ್ದು ನನಗೆ ಕೇಳಿಸಿತು. "ಅಲ್ಲೇ ನಿಂದರ್ರಿ ಅಕ್ಕಾರ. ಅವರು ಇನ್ನೂ ಆ ಕಡೆ ಬರಂಗಿಲ್ಲ. ಮತ್ತ ಬರ್ತದ ಬಾಲು." ಸಮಾಧಾನ ಮಾಡುವ ದನಿಯೇ ಅಲ್ಲ. ಬಸ್ಸು ಯಾವ ಪ್ಲಾಟ್‌ಫಾರಮ್ಮಿಗೆ ಬರುತ್ತದೆ ಎಂದು ಹೇಳುವವರ ದನಿ.

ಮುಂದಿನ ಸಲ ಬಾಲನ್ನು ನಾನು ತಂದೆ. ಮೇಘನಾ ರಿಂಗಿನ ಕಡೆ ಓಡಿದಳು, ಇಬ್ಬರು ಅವಳ ಹಿಂದೆಯೇ ಹೋದರು. ಗಿರಿಜಕ್ಕ ಹೇಳಿಸಿಕೊಂಡ ಹಾಗೆ ಅಲ್ಲೇ ನಿಂತಿದ್ದಳು. ಕೈ ನಡುಗುತ್ತಿತ್ತು. ಈ ಸಲ ನಾನದನ್ನು ಚೆನ್ನಾಗಿ ನೋಡಿದೆ, ನೋಡಿಯೇ ಕೊಟ್ಟೆ. ಬಾಲು ರಿಂಗಿಗೆ ಬಡಿಯಿತು, ಮೇಲೆ ಹಾರಿತು, ಮತ್ತೆ ಬಡಿಯಿತು, ಕೊನೆಗೆ ಯಾರೋ ಒಳಗೆ ಕರೆದ ಹಾಗೆ ಬಲೆಯೊಳಗೆ ಇಳಿಯಿತು. ಅವಳ ಹಳೆಯ ಎಸೆತದ ಚಂದ ಅದರಲ್ಲಿ ಒಂದಿಷ್ಟೂ ಇರಲಿಲ್ಲ. ನಾನು ಕೋರ್ಟಿನ ನಡುವೆ ನಿಂತು ಅತ್ತುಬಿಟ್ಟೆ. "ಟೀಚರ್, ಅಳೋದು ಆಮೇಲೆ, ಓಡಿ!" ಎಂದು ನಫೀಸಾ ನನ್ನ ತೋಳು ಹಿಡಿದು ಎಳೆದಳು.

ಫೈನಲ್ಲನ್ನು ನಾವು ಐದು ಅಂಕಗಳಿಂದ ಸೋತೆವು. ಆ ದಿನ ಮನೆಗೆ ಹೋಗಿ ನಾನು ಚಪ್ಪಲಿ ಬಿಟ್ಟ ಸದ್ದು ಕೇಳಿ ನಮ್ಮ ಮನೆಯವರು, ಗೆದ್ದು ಬಂದಳು ಎಂದುಕೊಂಡರಂತೆ.

ವಾಪಸ್ ಬರುವ ಬಸ್ಸಿನಲ್ಲಿ ಗಿರಿಜಕ್ಕ ನನ್ನ ಪಕ್ಕದಲ್ಲಿದ್ದಳು. ಬಸ್ಸು ಕೋಣಂದೂರು ದಾಟಿತು. ಹಿಂದಿನ ಸೀಟಿನಲ್ಲಿ ಮೇಘನಾ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದಳು. ಏನಾದರೂ ಹೇಳಬೇಕಲ್ಲ ಎಂದು ನಾನೇ ಶುರು ಮಾಡಿದೆ. "ಆ ಮೊದಲ್ನೇದೂ ಬಿದ್ದಿದ್ರೆ ಚೆನ್ನಾಗಿತ್ತು ಅಕ್ಕ."

ಅವಳು ತೊಡೆಯ ಮೇಲೆ ಅಲುಗುತ್ತಿದ್ದ ತನ್ನ ಕೈಯನ್ನು ಮುಚ್ಚಿಡದೆ ಹಾಗೇ ಬಿಟ್ಟುಕೊಂಡು ಕೂತಿದ್ದಳು.

"ಬೀಳ್ದಿದ್ದೇ ಒಳ್ಳೇದಾತು ಮಾರಾಯ್ತಿ" ಎಂದಳು. "ಬಿದ್ದಿದ್ರೆ, ಬೀಳ್ತದೆ ಅಂತ ಎರಡ್ನೇದು ಕೊಟ್ರಿ ಅಂದ್ಕಂತಿದ್ದೆ. ಬೀಳ್ದೇ ಇದ್ರೂ ಕೊಟ್ರಲ್ಲ."